ಧ್ಯಾನಕ್ಕೆ ಕುಳಿತಾಗ ಎಲ್ಲಿ ನೋಯುತ್ತದೆ? ಆಸನದ ದೋಷ ಹುಡುಕಿ ಸರಿಪಡಿಸುವ ಕ್ರಮ

ಧ್ಯಾನಕ್ಕೆ ಕುಳಿತು ಹತ್ತು ನಿಮಿಷ ಆಗುವಷ್ಟರಲ್ಲಿ ನಡು ನೋಯತೊಡಗಿದರೆ ನಮ್ಮ ಕಡೆಯವರು ಸಾಮಾನ್ಯವಾಗಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಶ್ರದ್ಧೆ ಸಾಲದು, ವಯಸ್ಸಾಯಿತು, ಇದು ನಮ್ಮಂಥವರಿಗಲ್ಲ ಎನ್ನುತ್ತಾರೆ. ಕೊಪ್ಪಳದಲ್ಲಿ ಬೆಳಗಿನ ಹೊತ್ತು ಒಟ್ಟಿಗೆ ಕೂರುವವರನ್ನು ಗಮನಿಸುತ್ತಾ ಬಂದ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅವರ ಶ್ರದ್ಧೆಯಲ್ಲಿ ಕೊರತೆ ಇರುವುದಿಲ್ಲ. ಕೂರುವ ಜಾಗ ನಾಲ್ಕು ಬೆರಳು ತಗ್ಗಾಗಿರುತ್ತದೆ, ಅಷ್ಟೆ. ನೋವನ್ನು ಹಲ್ಲು ಕಚ್ಚಿ ಸಹಿಸುವುದು ಸಾಧನೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ಮೊದಲು ಮರೆತುಬಿಡಿ. ನೋವು ಎಲ್ಲಿ ಬರುತ್ತದೆ, ಯಾವಾಗ ಬರುತ್ತದೆ ಎಂಬುದೇ ದೋಷ ಎಲ್ಲಿದೆ ಎಂದು ತೋರಿಸುವ ಗುರುತು.

ನಿಮಗೆ ಕಾಣಿಸುವ ಲಕ್ಷಣದ ಭಾಗವನ್ನು ಕೆಳಗೆ ಹುಡುಕಿಕೊಳ್ಳಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಉಪಾಯ ಮೊದಲು ಬರುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ದಿನ ನೋಡಿ. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದು ಫಲಿಸಿತು ಎಂಬುದು ತಿಳಿಯುವುದಿಲ್ಲ.

ಕೂರುವ ಮೊದಲೇ ಎಚ್ಚರ ಬೇಕಾದವರು

ಮೊಣಕಾಲಿನ ಅಥವಾ ತೊಡೆಮೂಲದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಆದವರು, ಇತ್ತೀಚೆಗೆ ಎಲುಬು ಮುರಿದವರು, ಬೆನ್ನಿನ ಡಿಸ್ಕ್ ಜಾರಿದೆ ಎಂದು ವೈದ್ಯರು ಹೇಳಿದವರು ನೆಲದ ಮೇಲೆ ಪ್ರಯೋಗ ಮಾಡಬಾರದು. ಅವರು ನೇರವಾಗಿ ಕೊನೆಯ ಕುರ್ಚಿಯ ಭಾಗಕ್ಕೆ ಹೋಗಲಿ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ನೆಲ ಒತ್ತಿ ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಥವರು ಎದ್ದ ಮೇಲೆ ಪಾದದ ಹೊರಬದಿ ಕೆಂಪಾಗಿದೆಯೇ ಎಂದು ಪ್ರತಿ ಸಲ ಕಣ್ಣಿನಿಂದ ನೋಡಬೇಕು.

ಎರಡೂ ಕಾಲು ಬಲ ಕಳೆದುಕೊಳ್ಳುವುದು, ಗುದ ಮತ್ತು ಗುಪ್ತಾಂಗದ ಸುತ್ತ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದೆ ಹೋಗುವುದು ಕಂಡುಬಂದರೆ ಆಸನದ ಮಾತು ಅಲ್ಲಿಗೆ ಮುಗಿಯಿತು. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಹೋಗಿರುವ ಸೂಚನೆ ಅದು. ಗಂಟೆಗಳ ತಡವೂ ನಷ್ಟ ತರುತ್ತದೆ. 108ಕ್ಕೆ ಕರೆ ಮಾಡಿ.

ಎಲ್ಲರೂ ಮೊದಲು ಮಾಡಬೇಕಾದ ತಪಾಸಣೆ

ಉಡುಪು ಸಡಿಲಿಸಿ. ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು, ನಮ್ಮ ಹುಡುಗರು ದಿನವಿಡೀ ಅದನ್ನೇ ತೊಡುತ್ತಾರೆ. ಆದರೆ ಅದರ ದಪ್ಪ ಹೊಲಿಗೆ ಮಂಡಿಯ ಹಿಂದೆ, ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಒತ್ತುತ್ತದೆ. ಪಂಚೆ, ಪೈಜಾಮ, ಸಡಿಲ ಚೂಡಿದಾರ ಸಾಕು. ಸೀರೆ ಉಡುವವರು ಲಂಗದ ಲಾಡಿಯನ್ನು ಒಂದು ಬೆರಳಷ್ಟು ಸಡಿಲಿಸಲಿ.

ನಂತರ ಚಕ್ಕಳಮಕ್ಕಳ ಹಾಕಿ ಕುಳಿತು ಎರಡೂ ಅಂಗೈಗಳನ್ನು ಪೃಷ್ಠದ ಕೆಳಗೆ ಇಡಿ. ಎರಡು ಗಟ್ಟಿ ಎಲುಬುಗಳು ಕೈಗೆ ತಾಗಬೇಕು. ಮೈಭಾರ ನಿಲ್ಲಬೇಕಾದದ್ದು ಅವುಗಳ ಮೇಲೆ. ಅವು ಸಿಗದೆ ಬೆನ್ನಿನ ತುದಿಯ ಮಾಂಸವೇ ಕೈ ಮೇಲೆ ಕುಳಿತಿದ್ದರೆ ನೀವು ಹಿಂದಕ್ಕೆ ಉರುಳಿ ಕುಳಿತಿದ್ದೀರಿ.

ಮೊಣಕಾಲು ಎಲ್ಲಿದೆ ನೋಡಿ. ಸೊಂಟಕ್ಕಿಂತ ಮೇಲಿದ್ದರೆ ಆಸನ ತಗ್ಗಾಗಿದೆ. ಮನೆಯ ಮಕ್ಕಳಿಗೆ ಹೇಳಿ ಮೊಬೈಲ್‌ನಲ್ಲಿ ಪಕ್ಕದಿಂದ ಒಂದು ಚಿತ್ರ ತೆಗೆಸಿ: ಕಿವಿ ಹೆಗಲಿನ ಮೇಲೆ, ಹೆಗಲು ಸೊಂಟದ ಮೇಲೆ ಬರಬೇಕು. ಕುಳಿತ ಕೂಡಲೇ ತೆಗೆದ ಚಿತ್ರ ನಂಬಬೇಡಿ, ಆಗ ಎಲ್ಲರೂ ನೆಟ್ಟಗಿರುತ್ತಾರೆ. ಕಾಲು ಗಂಟೆ ಕಳೆದ ಮೇಲೆ, ನಿಮಗೆ ಹೇಳದೆ ತೆಗೆಯಲಿ.

ಲಕ್ಷಣ: ನಡು ಹಿಂದಕ್ಕೆ ಕುಸಿಯುತ್ತದೆ, ಬೆನ್ನಿನಲ್ಲಿ ಉರಿಯುವ ನೋವು

ದೂರುಗಳಲ್ಲಿ ಇದೇ ಮೊದಲನೆಯದು. ಹೆಚ್ಚಿನ ಉಳಿದ ತೊಂದರೆಗಳೂ ಇದರ ಬೆನ್ನಿಗೇ ಬರುತ್ತವೆ. ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿಯಾಗಿದ್ದರೆ, ತೊಡೆಮೂಲದ ಕೀಲು ಹೊರಕ್ಕೆ ಸಾಕಷ್ಟು ತಿರುಗದಿದ್ದರೆ, ಬರಿ ನೆಲದ ಮೇಲೆ ಕುಳಿತಾಗ ಸೊಂಟದ ಎಲುಬು ಹಿಂದಕ್ಕೆ ಎಳೆಯಲ್ಪಡುತ್ತದೆ. ತಳಗಲ್ಲು ವಾಲಿದ ಗೋಡೆಯಂತೆ ಬೆನ್ನೆಲುಬು ಅದರೊಂದಿಗೇ ಬಾಗುತ್ತದೆ. ಬೀಳದಂತೆ ಹಿಡಿಯಲು ಬೆನ್ನಿನ ಸ್ನಾಯುಗಳು ಇಡೀ ಹೊತ್ತು ದುಡಿಯುತ್ತವೆ. ಆ ದುಡಿತವೇ ಉರಿ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಬಾಗಿ ನಾಟಿ ಮಾಡಿ ಬಂದವರಿಗೆ, ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದವರಿಗೆ ಆ ಸ್ನಾಯುಗಳು ಆಗಲೇ ದಣಿದಿರುತ್ತವೆ ಎಂಬುದನ್ನೂ ನೆನಪಿಡಿ.

ಬೆನ್ನನ್ನು ಎಳೆದು ನೆಟ್ಟಗೆ ಮಾಡಬೇಡಿ. ಕೂರುವ ಜಾಗವನ್ನು ಎತ್ತರಿಸಿ. ನಮ್ಮ ಮನೆಗಳಲ್ಲಿ ಇದಕ್ಕೆ ಕೌದಿಗಿಂತ ಒಳ್ಳೆಯ ಸಾಧನ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಆ ಹೊದಿಕೆ ಗಟ್ಟಿಯಾಗಿ ಮಡಚಿಕೊಳ್ಳುತ್ತದೆ, ಮೈಭಾರಕ್ಕೆ ಕುಸಿಯುವುದಿಲ್ಲ. ಮೊದಲು ಎರಡು ಅಂಗುಲ ದಪ್ಪ ಆಗುವಂತೆ ಮಡಚಿ, ಅದರ ಮುಂದಿನ ಅಂಚಿನ ಮೇಲೆ ಕೂರಿ. ಪೃಷ್ಠ ಮಾತ್ರ ಅದರ ಮೇಲಿರಲಿ. ತೊಡೆ ಇಳಿಜಾರಾಗಿ ನೆಲದ ಕಡೆ ಹೋಗಲಿ. ಸಾಲದಿದ್ದರೆ ಇನ್ನೊಂದು ಅಂಗುಲ. ಮೊಣಕಾಲು ಸೊಂಟಕ್ಕಿಂತ ಕೆಳಗೆ ಬಂದು, ಬೆನ್ನು ಯಾರೂ ಹಿಡಿಯದೆ ತಾನೇ ನಿಂತ ಕ್ಷಣ ನಿಮಗೇ ಗೊತ್ತಾಗುತ್ತದೆ. ಕೆಲವರಿಗೆ ಆರು ಅಂಗುಲವೂ ಬೇಕಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಕೀಲಿನ ಗುಳಿಯ ಆಕಾರ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತದೆ.

ಸ್ಪಂಜಿನ ದಿಂಬು ಬೇಡ. ಕುಳಿತಾಗ ಎತ್ತರ ಎನಿಸುತ್ತದೆ, ಐದು ನಿಮಿಷಕ್ಕೆ ಇಳಿದುಹೋಗುತ್ತದೆ. ಶಾಶ್ವತವಾದ ಆಸನ ಬೇಕೆಂದರೆ ಭತ್ತದ ಹೊಟ್ಟಿನದು ಮಾಡಿಕೊಳ್ಳಿ. ಗಂಗಾವತಿಯ ಅಕ್ಕಿ ಗಿರಣಿಗಳ ಕಡೆ ಅದಕ್ಕೆ ಬರವಿಲ್ಲ. ಹೊಟ್ಟನ್ನು ಜರಡಿ ಹಿಡಿದು ದೂಳು ತೆಗೆಯಿರಿ, ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಎರಡು ದಿನ ಬಿಸಿಲಿಗೆ ಒಣಗಿಸಿ. ಒಂದಡಿ ಉದ್ದಗಲದ, ನೇಯ್ಗೆ ಒತ್ತಾಗಿರುವ ಬಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗ ತುಂಬಿ ಹೊಲಿಯಿರಿ, ಮೇಲೊಂದು ಹೊದಿಕೆ ಹಾಕಿ. ಪೂರ್ತಿ ತುಂಬಿದರೆ ಉರುಳುತ್ತದೆ. ಮಳೆಗಾಲದಲ್ಲಿ ಆಗಾಗ ಬಿಸಿಲು ತೋರಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಎತ್ತರ ಹೆಚ್ಚಾದರೂ ನೋವು ಬರುತ್ತದೆ, ಆದರೆ ಅದರ ರೀತಿ ಬೇರೆ. ಹೊಟ್ಟೆ ಮುಂದಕ್ಕೆ ಚಾಚಿ, ನಡು ಒಳಕ್ಕೆ ಬಾಗಿ, ಬೆನ್ನೆಲುಬಿನ ಎರಡೂ ಬದಿ ಹಿಡಿದಂತಾದರೆ ಒಂದು ಮಡಿಕೆ ಇಳಿಸಿ.

ನೋವು ಪೃಷ್ಠದಿಂದ ಇಳಿದು ಮೊಣಕಾಲನ್ನೂ ದಾಟಿ ಕೆಳಗೆ ಹೋದರೆ, ಕೆಮ್ಮಿದಾಗ ಅಥವಾ ಸೀನಿದಾಗ ಜಾಸ್ತಿಯಾದರೆ, ಅದು ನರದ ನೋವು. ಎತ್ತರ ಹೊಂದಿಸುತ್ತಾ ಕಾಲ ಕಳೆಯದೆ ಮೂಳೆ ತಜ್ಞರನ್ನು ಕಾಣಿ. ವಯಸ್ಸಾದ ತಾಯಂದಿರಿಗೆ ಬಗ್ಗಿದಾಗ ಇದ್ದಕ್ಕಿದ್ದಂತೆ ಬೆನ್ನು ಹಿಡಿದು ನೋವು ಇಳಿಯದಿದ್ದರೂ ಹಾಗೆಯೇ. ಸವೆದ ಎಲುಬು ಬಿರುಕು ಬಿಟ್ಟಿರಬಹುದು.

ಲಕ್ಷಣ: ಮೊಣಕಾಲಿನಲ್ಲಿ ನೋವು

ಇಲ್ಲಿ ನಾನು ಕಟ್ಟುನಿಟ್ಟು. ತೊಡೆಯ ಹೊರಬದಿ, ಪೃಷ್ಠ, ತೊಡೆಸಂದಿಯಲ್ಲಿ ಎಳೆತ ಆದರೆ ತೊಂದರೆಯಿಲ್ಲ, ದಿನ ಕಳೆದಂತೆ ಬಿಡುತ್ತದೆ. ಮಂಡಿಯ ಕೀಲಿನ ಒಳಗೆ ನೋವಾದರೆ ಒಂದು ನಿಮಿಷವೂ ಸಹಿಸಬೇಡಿ. ಮೊಣಕಾಲು ಮಡಚಿ ಬಿಚ್ಚುವ ಕೆಲಸಕ್ಕೆ ಇರುವ ಕೀಲು, ಪಕ್ಕಕ್ಕೆ ತಿರುಚುವುದಕ್ಕೆ ಅಲ್ಲ. ಕಾಲನ್ನು ಹೊರಕ್ಕೆ ತಿರುಗಿಸುವ ಕೆಲಸ ತೊಡೆಮೂಲದ್ದು. ಅದು ತಿರುಗದಿದ್ದಾಗ ಪಾದವನ್ನು ಕೈಯಿಂದ ಎಳೆದು ಪದ್ಮಾಸನಕ್ಕೆ ಏರಿಸಿದರೆ ತಿರುಚು ಮಂಡಿಯ ಮೇಲೆ ಬೀಳುತ್ತದೆ, ಒಳಗಿನ ಮೆದು ಎಲುಬಿನ ಗಾದಿ ಹರಿಯಬಹುದು. ಪದ್ಮಾಸನ ಧ್ಯಾನಕ್ಕೆ ಕಡ್ಡಾಯವಲ್ಲ. ಅದಕ್ಕಾಗಿ ಮಂಡಿ ಕಳೆದುಕೊಂಡವರನ್ನು ಕಂಡರೆ ನನಗೆ ಸಿಟ್ಟೂ ದುಃಖವೂ ಬರುತ್ತವೆ.

ಮೊದಲ ಉಪಾಯ: ಕಾಲಿನ ಮೇಲೆ ಕಾಲು ಹಾಕುವುದನ್ನು ಬಿಡಿ. ಎರಡೂ ಪಾದಗಳನ್ನು ನೆಲದ ಮೇಲೆಯೇ, ಒಂದರ ಮುಂದೆ ಒಂದು ಇಟ್ಟುಕೊಳ್ಳಿ. ಹೆಚ್ಚಿನವರಿಗೆ ಇದರಿಂದಲೇ ನೋವು ಹೋಗುತ್ತದೆ. ಎರಡನೆಯದು: ಮಂಡಿ ನೆಲಕ್ಕೆ ಮುಟ್ಟದೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದರ ಕೆಳಗೆ ಟವೆಲ್ ಅಥವಾ ಶಾಲು ಸುತ್ತಿ ಇಡಿ. ಆಸರೆ ಸಿಕ್ಕ ಕಾಲು ಸಡಿಲಗೊಳ್ಳುತ್ತದೆ. ಮಂಡಿಯನ್ನು ಕೈಯಿಂದ ಒತ್ತಿ ಕೆಳಗಿಳಿಸಲು ಯಾರಿಗೂ ಬಿಡಬೇಡಿ, ಹೇಳಿಕೊಡುವವರಿಗೂ.

ಮೂರನೆಯ ಉಪಾಯಕ್ಕೆ ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೆ ಹೋದಾಗ ಉಗ್ರನರಸಿಂಹನ ಮುಂದೆ ನಿಂತು ನೋಡಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ, 6.7 ಮೀಟರ್ ಎತ್ತರದ ಮೂರ್ತಿ ಅದು. ಅದರ ಎರಡು ಮೊಣಕಾಲುಗಳ ಅಡ್ಡಕ್ಕೆ ಪಟ್ಟಿಯೊಂದು ಕಾಣುತ್ತದೆ, ಅದು ಯೋಗಪಟ್ಟ. ದೇವರ ಮೂರ್ತಿಗೇ ಶಿಲ್ಪಿ ಆಸರೆ ಕೊಟ್ಟಿರುವಾಗ ನಾವು ಬೇಡ ಎನ್ನುವುದೇಕೆ? ಉದ್ದನೆಯ ಶಲ್ಯವನ್ನು ನಡುವಿನ ಹಿಂದಿನಿಂದ ತಂದು ಎರಡೂ ಮಂಡಿಗಳ ಹೊರಗೆ ಸುತ್ತಿ ಮುಂದೆ ಗಂಟು ಹಾಕಿ. ಬಟ್ಟೆ ಬೆನ್ನನ್ನೂ ಮಂಡಿಯನ್ನೂ ಒಟ್ಟಿಗೆ ಹಿಡಿಯುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ.

ವಜ್ರಾಸನ ಕೆಲವರಿಗೆ ಒಗ್ಗುತ್ತದೆ; ಹಿಮ್ಮಡಿಗಳ ನಡುವೆ ದಪ್ಪ ದಿಂಬು ಇಟ್ಟು ಅದರ ಮೇಲೆ ಕುಳಿತರೆ ಮಂಡಿಯ ಮಡಿಕೆ ಕಡಿಮೆಯಾಗುತ್ತದೆ. ಆದರೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋಯುವವರಿಗೆ ವಜ್ರಾಸನವೂ ಅದೇ ನೋವು ತರುತ್ತದೆ. ಅವರಿಗೆ ಕುರ್ಚಿಯೇ ಸರಿ. ಮಂಡಿ ಊದಿದರೆ, ಬಿಸಿಯಾದರೆ, ಮಡಚಿದ್ದು ಬಿಚ್ಚದೆ ಸಿಕ್ಕಿಕೊಂಡರೆ, ನಡೆಯುವಾಗ ಜಾರಿದಂತಾದರೆ ವೈದ್ಯರಿಗೆ ತೋರಿಸಿ.

ಲಕ್ಷಣ: ಕಾಲು ಜೋಮು ಹಿಡಿಯುತ್ತದೆ

ಜೋಮು ಬಂದರೆ ರಕ್ತ ನಿಂತುಹೋಯಿತು ಎಂದು ಹೆದರುವವರು ಹೆಚ್ಚು. ಮುಖ್ಯವಾಗಿ ಒತ್ತಿಹೋಗಿರುವುದು ನರ. ಎಲ್ಲಿ ಜುಮ್ಮೆನ್ನುತ್ತದೆ ಎಂದು ಗಮನಿಸಿದರೆ ಯಾವ ನರ ಎಂಬುದೂ ತಿಳಿಯುತ್ತದೆ.

ತೊಡೆಯ ಹಿಂಭಾಗದಿಂದ ಅಂಗಾಲಿನವರೆಗೆ ಬಂದರೆ ಆಸನದ ಅಂಚು ತೊಡೆಯ ಕೆಳಗೆ ಒತ್ತುತ್ತಿದೆ. ಕೌದಿಯ ಮೇಲೆ ಪೂರ್ತಿ ಹಿಂದಕ್ಕೆ ಸರಿದು ಕುಳಿತಿದ್ದೀರಿ, ಮುಂದಕ್ಕೆ ಬನ್ನಿ. ಮೀನಖಂಡದ ಹೊರಬದಿ ಮತ್ತು ಪಾದದ ಮೇಲ್ಭಾಗದಲ್ಲಿ ಬಂದರೆ, ಮಂಡಿಯ ಹೊರಗಡೆ ಸ್ವಲ್ಪ ಕೆಳಗೆ ಇರುವ ಗುಂಡಿಯಂಥ ಎಲುಬನ್ನು ಮುಟ್ಟಿ ನೋಡಿ. ಅದನ್ನು ಸುತ್ತಿಕೊಂಡು ಹೋಗುವ ನರ ಚರ್ಮಕ್ಕೆ ತೀರ ಹತ್ತಿರ ಇದೆ. ಶಹಾಬಾದ್ ಕಲ್ಲಿನ ನೆಲವೋ ನಿಮ್ಮದೇ ಇನ್ನೊಂದು ಹಿಮ್ಮಡಿಯೋ ಅದನ್ನು ಒತ್ತುತ್ತಿರಬಹುದು. ಕೆಳಗೆ ಕಂಬಳಿ ಹಾಸಿ, ಪಾದ ಮುಂದಕ್ಕೆ ಸರಿಸಿ. ತೊಡೆಯ ಹೊರಬದಿ ಮಾತ್ರ ಉರಿದು ಮರಗಟ್ಟಿದರೆ ದೋಷ ಸೊಂಟದ ಪಟ್ಟಿಯದು: ಬಿಗಿ ಬೆಲ್ಟ್, ಜೀನ್ಸ್, ಉಡಿದಾರ ತೆಗೆಯಿರಿ.

ಜೋಮು ಬಂದ ಕಾಲಿನ ಮೇಲೆ ಏಳಬೇಡಿ. ಕೈಯಿಂದ ಕಾಲು ಚಾಚಿ, ಪಾದ ಆಡಿಸಿ, ಸ್ಪರ್ಶ ಪೂರ್ತಿ ಮರಳಿದ ಮೇಲೆ ಎದ್ದೇಳಿ. ಹಿರಿಯರು ಈ ಗಳಿಗೆಯಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವ ಅಪಾಯವಿದೆ. ಕೆಲವೇ ನಿಮಿಷಗಳಲ್ಲಿ ಜೋಮು ಹೋಗಬೇಕು. ಅರ್ಧ ಗಂಟೆ ಕಳೆದರೂ ಹೋಗದಿದ್ದರೆ, ಪಾದ ಮೇಲಕ್ಕೆ ಎತ್ತಲು ಬಾರದೆ ಬೆರಳು ನೆಲಕ್ಕೆ ಎಳೆದರೆ ಅಥವಾ ಚಪ್ಪಲಿ ತಾನಾಗಿ ಕಳಚಿಬಿದ್ದರೆ ಅಂದೇ ವೈದ್ಯರನ್ನು ಕಾಣಿ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ರೂಢಿ, ಈ ಸಂದರ್ಭದಲ್ಲಿ ಅದು ಅಪಾಯ. ತಿಕ್ಕದೆ ಆಸ್ಪತ್ರೆಗೆ ಹೋಗಿ.

ಲಕ್ಷಣ: ಹರಡಿನ ಎಲುಬು ನೆಲಕ್ಕೆ ಒತ್ತಿ ನೋಯುತ್ತದೆ

ಹಾಸು ತೆಳುವಾಗಿದೆ. ಜಮಖಾನೆಯ ಕೆಳಗೆ ಕಂಬಳಿಯನ್ನು ಎರಡು ಮಡಿಕೆ ಹಾಕಿ. ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಲಕ್ಷಣ: ಕುತ್ತಿಗೆ, ಹೆಗಲು ಬಿಗಿಯುತ್ತವೆ

ಹೆಚ್ಚಾಗಿ ಕೈಗಳ ಭಾರ. ಎರಡು ತೋಳು ಇಡೀ ಹೊತ್ತು ಹೆಗಲಿಗೆ ನೇತುಬಿದ್ದಿದ್ದರೆ ಹೆಗಲು ದಣಿಯುತ್ತದೆ. ಮಡಿಲಿನಲ್ಲಿ ಮಡಚಿದ ಟವೆಲ್ ಇಟ್ಟು ಅಂಗೈಗಳನ್ನು ಹೊಕ್ಕುಳಿನ ಮಟ್ಟಕ್ಕೆ ತನ್ನಿ. ಮಂಡಿಯ ಮೇಲೆ ಕೈ ಇಡುವುದಾದರೆ ಮೊಣಕೈ ನೆಟ್ಟಗೆ ಚಾಚಬಾರದು, ಮೈ ಮುಂದಕ್ಕೆ ಎಳೆಯುತ್ತದೆ.

ಇಷ್ಟಲಿಂಗ ಪೂಜೆ ಮಾಡುವವರ ವಿಷಯ ಬೇರೆಯಾಗಿ ಹೇಳಬೇಕು. ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟು ದೃಷ್ಟಿ ನಿಲ್ಲಿಸಿ ಬಹಳ ಹೊತ್ತು ಕೂರುವಾಗ ಕೈ ದಣಿದು ಕೆಳಗೆ ಇಳಿಯುತ್ತದೆ, ಅದನ್ನು ಹಿಂಬಾಲಿಸಿ ತಲೆ ಬಗ್ಗುತ್ತದೆ. ನೋವು ಬರುವುದು ಕುತ್ತಿಗೆಗೆ, ದೋಷ ಇರುವುದು ಮೊಣಕೈಯಲ್ಲಿ. ಎಡ ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಅದರ ಕೆಳಗೆ ತೊಡೆಯ ಮೇಲೆ ದಪ್ಪ ಬಟ್ಟೆ ಮಡಚಿ ಆಸರೆ ಕೊಡಿ. ಅಂಗೈ ಎದೆಯ ಮಟ್ಟದಲ್ಲಿ ನಿಂತರೆ ಕಣ್ಣು ಮಾತ್ರ ಇಳಿಯುತ್ತದೆ, ತಲೆ ಇಳಿಯುವುದಿಲ್ಲ.

ಇದಾದ ಮೇಲೂ ತಲೆ ಮುಂದಕ್ಕೆ ಬರುತ್ತಿದ್ದರೆ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಗದ್ದ ಮೇಲೆತ್ತದೆ ತಲೆಯ ಹಿಂಭಾಗ ಗೋಡೆಗೆ ಮುಟ್ಟಬೇಕು. ಮುಟ್ಟದಿದ್ದರೆ ಮೇಲ್ಬೆನ್ನು ಗೂನಾಗಿದೆ. ಹೊಲಿಗೆಯವರಲ್ಲಿ, ಸದಾ ಮೊಬೈಲ್ ನೋಡುವವರಲ್ಲಿ ಇದು ಸಾಮಾನ್ಯ. ಅಂಥವರು ಕೆಲವು ತಿಂಗಳು ಗೋಡೆಗೆ ಒರಗಿ ಕೂರಲಿ, ಸೊಂಟ ಗೋಡೆಗೆ ಒತ್ತಿಕೊಂಡಿರಲಿ. ಕೈಗೆ ಇಳಿಯುವ ಜೋಮು, ಹಿಡಿತ ಸಡಿಲವಾಗುವುದು ಇದ್ದರೆ ತಜ್ಞರು ನೋಡಬೇಕು. ಎದೆ ಒತ್ತಿದಂತಾಗಿ ಎಡಗೈ ಅಥವಾ ದವಡೆಗೆ ಹರಡುವ ನೋವು ಕುತ್ತಿಗೆಯದೆಂದು ಕೂತುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ.

ಲಕ್ಷಣ: ಗೊತ್ತಿಲ್ಲದೆಯೇ ಒಂದು ಕಡೆ ವಾಲುತ್ತೇನೆ

ಎದುರಿನಿಂದ ಚಿತ್ರ ತೆಗೆಸಿ. ಒಂದು ಮಂಡಿ ಎತ್ತರವಾಗಿದ್ದರೆ ಅದರ ಕೆಳಗೆ ಬಟ್ಟೆ ಇಡಿ, ಮುಂದೆ ಇಡುವ ಪಾದವನ್ನು ದಿನ ಬಿಟ್ಟು ದಿನ ಬದಲಿಸಿ. ನೆಲವೇ ಇಳಿಜಾರಿದೆಯೇ ಎಂದೂ ನೋಡಿ: ನೀರು ಹೊರಹೋಗಲೆಂದು ಪಡಸಾಲೆ, ಅಂಗಳಗಳಿಗೆ ವಾಟ ಕೊಟ್ಟಿರುತ್ತಾರೆ. ಜಾಗ ಬದಲಿಸಿದ ಕೂಡಲೇ ಸರಿಹೋಗುವ ದೋಷ ಇದು. ಏನು ಮಾಡಿದರೂ ವಾಲುತ್ತಿದ್ದರೆ ಬೆನ್ನೆಲುಬು ಪಕ್ಕಕ್ಕೆ ಬಾಗಿರಬಹುದು, ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಒಮ್ಮೆ ತೋರಿಸಿ ಬನ್ನಿ.

ಲಕ್ಷಣ: ತೂಕಡಿಕೆ, ತಲೆಸುತ್ತು

ಕುಸಿದ ಬೆನ್ನು ನಿದ್ದೆ ತರುತ್ತದೆ. ಎತ್ತರ ಸರಿಪಡಿಸಿ, ಕಣ್ಣು ಅರೆತೆರೆಯಿರಿ. ರಾತ್ರಿ ನಿದ್ದೆಯೇ ಸಾಲದಿದ್ದರೆ ಯಾವ ಆಸನವೂ ನೆರವಾಗುವುದಿಲ್ಲ. ರಾಯಚೂರು, ಬಳ್ಳಾರಿಯ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ತಗಡಿನ ಮನೆಯಲ್ಲಿ ಮಧ್ಯಾಹ್ನ ಕೂರಬೇಡಿ, ನೀರು ಕುಡಿದು ನಸುಕಿನಲ್ಲಿ ಕೂರಿ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಎದ್ದರೆ ಕಣ್ಣು ಕತ್ತಲಿಡುತ್ತದೆ. ಮೊದಲು ಮಂಡಿಯೂರಿ, ಗೋಡೆ ಹಿಡಿದು, ನಿಧಾನವಾಗಿ ಏಳಲಿ.

ಲಕ್ಷಣ: ಎಷ್ಟು ಎತ್ತರಿಸಿದರೂ ಮೈ ಬಾಗುವುದಿಲ್ಲ

ಈ ಭಾಗವನ್ನು ನಮ್ಮ ಜಿಲ್ಲೆಗಳವರು ತಪ್ಪದೆ ಓದಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಮತ್ತು ರಾಯಚೂರು ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ವರ್ಷಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ ಸೇರಿ ಕೀಲುಗಳನ್ನೂ ಬೆನ್ನನ್ನೂ ಗಡಸು ಮಾಡುತ್ತದೆ. ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು: ಮಂಡಿ ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಚಾಚಿ ಮಡಚಿ ತಲೆಯ ಹಿಂದೆ ಮುಟ್ಟಿಸುವುದು. ಮೂರೂ ಕಷ್ಟವಾಗಿ, ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆಗಳೂ ಕಂಡರೆ ಅನುಮಾನ ಗಟ್ಟಿ. ಆ ಗಡಸುತನವನ್ನು ಎಳೆದು ಬಿಡಿಸಲು ಹೋಗಬೇಡಿ, ಅದು ಸ್ನಾಯುವಿನ ಬಿಗಿತ ಅಲ್ಲ.

ಬೇರೆ ನೀರಿನ ಮೂಲವಿಲ್ಲದಾಗಲೂ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನದಂಡ. ಇರಬೇಕಾದದ್ದು 1 ಮಿಲಿಗ್ರಾಂ ಒಳಗೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೀರಿನ ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನೇ ಕುಡಿಯಲು ಶುರುಮಾಡಿ, ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ.

ಹರೆಯದವರಲ್ಲಿ ಬೆಳಿಗ್ಗೆ ಏಳುವಾಗ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದು, ಓಡಾಡಿದರೆ ಸಡಿಲವಾಗಿ, ಕುಳಿತರೆ ಮತ್ತೆ ಬಿಗಿಯುತ್ತಿದ್ದರೆ ಅದು ಕೀಲುವಾತದ ಒಂದು ಬಗೆ ಇರಬಹುದು. ಬೇಗ ಗುರುತಿಸಿದಷ್ಟೂ ಒಳ್ಳೆಯದು.

ನೆಲ ಒಗ್ಗದಿದ್ದರೆ: ಕುರ್ಚಿ

ಕುರ್ಚಿ ಸೋತವರ ಆಸನವಲ್ಲ. ಬೆನ್ನು ನೆಟ್ಟಗೆ, ಉಸಿರು ಸಲೀಸು, ಮೈ ಅಲುಗದೆ ನಿಲ್ಲುವಂತಿದ್ದರೆ ಧ್ಯಾನಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ಮರದ ಕುರ್ಚಿ ಉತ್ತಮ. ಮನೆಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಯ ಕೂರುವ ಭಾಗ ಹಿಂದಕ್ಕೆ ಇಳಿಜಾರು, ನಡುವೆ ತಗ್ಗು. ನೆಲದ ಮೇಲಿನ ಕುಸಿತವೇ ಅಲ್ಲಿಯೂ ಆಗುತ್ತದೆ. ಹಿಂದಿನ ಅರ್ಧಕ್ಕೆ ಕೌದಿ ಮಡಚಿ ಹಾಕಿ ಆ ಇಳಿಜಾರು ತುಂಬಿಸಿ, ಒರಗದೆ ಮುಂದೆ ಸರಿದು ಕೂರಿ. ಅಂಚಿಗೆ ಪೂರ್ತಿ ಹೋಗಬೇಡಿ, ಹಗುರ ಕುರ್ಚಿ ಮುಂದಕ್ಕೆ ಮಗುಚಬಹುದು. ಪಾದಗಳು ಸೊಂಟದಷ್ಟು ಅಗಲದಲ್ಲಿ, ಪೂರ್ತಿ ನೆಲಕ್ಕೆ ತಾಗಿರಲಿ. ಗಿಡ್ಡನೆಯವರಿಗೆ ಪಾದ ಮುಟ್ಟದಿದ್ದರೆ ತೊಡೆಯ ಕೆಳಗೆ ಒತ್ತಿ ಜೋಮು ಬರುತ್ತದೆ. ಊಟಕ್ಕೆ ಕೂರುವ ಮಣೆಯನ್ನು ಪಾದದ ಕೆಳಗೆ ಇಟ್ಟುಕೊಳ್ಳಲಿ.